ಒಂದೇ ಫೀಡ್ ತಿಂದರೂ ಕೋಳಿಗಳ ತೂಕ ಯಾಕೆ ಬೇರೆ ಬೇರೆ?

ಬ್ರಾಯ್ಲರ್ ಶೆಡ್ ನಡೆಸುವವರಿಗೆ ಈ ಪ್ರಶ್ನೆ ಹೊಸದಲ್ಲ. ಮರಿಗಳು ಒಂದೇ ಹ್ಯಾಚರಿಯಿಂದ, ಒಂದೇ ದಿನ ಬಂದಿರುತ್ತವೆ. ತಳಿ ಒಂದೇ, ಫೀಡ್ ಒಂದೇ, ನೀರು ಒಂದೇ, ಲಸಿಕೆಯೂ ಒಂದೇ. ಆದರೂ ಐದನೇ ವಾರ ತೂಕಕ್ಕೆ ಹಾಕಿದಾಗ ಒಂದು ಎರಡು ಕೆಜಿ ದಾಟಿರುತ್ತದೆ, ಇನ್ನೊಂದು ಒಂದೂವರೆ ಕೆಜಿಯ ಹತ್ತಿರವೇ ನಿಂತಿರುತ್ತದೆ. ಅದು ಸರಿಯಾಗಿ ತಿಂದಿಲ್ಲ ಅಂತ ಹೇಳಿಬಿಡಬಹುದು. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಒಂದೊಂದು ಕೋಳಿಯನ್ನೂ ಬೇರೆ ಬೇರೆ ಪಂಜರದಲ್ಲಿಟ್ಟು, ತಿಂದದ್ದನ್ನೆಲ್ಲ ಅಳೆದು ನೋಡಿದವರು ಇನ್ನೊಂದು ವಿಷಯ ಗಮನಿಸಿದ್ದಾರೆ. ಅಷ್ಟೇ ತಿಂದರೂ ಕೆಲವು ಕೋಳಿಗಳು ಕಡಿಮೆ ಬೆಳೆಯುತ್ತವೆ.

ಈ ಪ್ರಶ್ನೆಗೆ ಈಗ ಬೆಲೆ ಬಂದಿರುವುದು ಫೀಡಿನ ಖರ್ಚಿನಿಂದ. ಕೋಳಿ ಫೀಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮೆಕ್ಕೆಜೋಳ. ಆ ಮೆಕ್ಕೆಜೋಳ ಈಗ ಎಥನಾಲ್ ಕಾರ್ಖಾನೆಗಳಿಗೂ ಹೋಗುತ್ತಿದೆ. ದರ ಏರಿದಾಗ ಮೊದಲು ತತ್ತರಿಸುವುದು ಕೋಳಿ ಸಾಕುವವರು, ಆಮೇಲೆ ಕೋಳಿ ಕೊಳ್ಳುವವರು. ಇತ್ತ ಚಿಕನ್ ಅಂಗಡಿ ಮುಂದೆ ನಿಂತವರಿಗೆ ಬೇರೆಯೇ ಅನುಮಾನ: ನಲವತ್ತು ದಿನದೊಳಗೆ ಎರಡು ಕೆಜಿ ಬರುತ್ತೆ ಅಂದರೆ ಇಂಜೆಕ್ಷನ್ ಕೊಡ್ತಾರೆ ಅಲ್ವಾ? ಈ ಎರಡು ಪ್ರಶ್ನೆಗಳಿಗೂ ಉತ್ತರ ಹುಡುಕುವಾಗ ಕೋಳಿಯ ಜೀವಕೋಶದೊಳಗೆ ಒಮ್ಮೆ ಇಣುಕಬೇಕಾಗುತ್ತದೆ.

ಎಫ್‌ಸಿಆರ್ ಲೆಕ್ಕ

ಕೋಳಿ ಸಾಕುವವರ ಬಾಯಲ್ಲಿ ದಿನಾ ಓಡಾಡುವ ಮಾತು ಎಫ್‌ಸಿಆರ್. ಒಂದು ಕೆಜಿ ಮೈತೂಕ ಬರಲು ಎಷ್ಟು ಕೆಜಿ ಫೀಡ್ ಬೇಕಾಯಿತು ಅನ್ನುವುದೇ ಅದು. ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡು ಕೆಜಿಯ ಕೋಳಿಗೆ ಎಫ್‌ಸಿಆರ್ 1.6 ಬಂದರೆ ಅದು ತಿಂದದ್ದು 3.2 ಕೆಜಿ. 1.8 ಬಂದರೆ 3.6 ಕೆಜಿ. ಒಂದು ಕೋಳಿಗೆ 400 ಗ್ರಾಂ ವ್ಯತ್ಯಾಸ. ಐದು ಸಾವಿರ ಕೋಳಿಯ ಬ್ಯಾಚ್ ಆದರೆ ಎರಡು ಟನ್, ಅಂದರೆ 50 ಕೆಜಿಯ 40 ಮೂಟೆ. ಮರಿ, ಫೀಡ್ ಕೊಟ್ಟು ಬೆಳೆದ ಕೋಳಿಯನ್ನು ವಾಪಸ್ ಒಯ್ಯುವ ಇಂಟಿಗ್ರೇಷನ್ ಕಂಪನಿಗೆ ಸಾಕುವವರ ಕೈಗೆ ಬರುವ ಹಣವೂ ಸಾಮಾನ್ಯವಾಗಿ ಈ ಸಂಖ್ಯೆಯ ಮೇಲೆಯೇ ನಿಂತಿರುತ್ತದೆ.

ಎಫ್‌ಸಿಆರ್ ಕೆಡಲು ಕಾರಣ ಹತ್ತಾರು. ಫೀಡ್ ಚೆಲ್ಲಿಹೋಗುವುದು, ಜಂತು, ಕಾಯಿಲೆ, ಕೆಟ್ಟ ಲಿಟರ್ (ಶೆಡ್ಡಿನ ನೆಲಕ್ಕೆ ಹಾಸುವ ಹೊಟ್ಟು), ಸತ್ತ ಕೋಳಿಗಳ ಲೆಕ್ಕ, ಎಲ್ಲವೂ ಅದರಲ್ಲಿ ಸೇರುತ್ತವೆ. ಅವನ್ನೆಲ್ಲ ಬದಿಗಿಟ್ಟ ಮೇಲೂ ಉಳಿಯುವ ವ್ಯತ್ಯಾಸದ ಬಗ್ಗೆ ಈ ಲೇಖನ.

ತಿಂದದ್ದು ಎಲ್ಲಿಗೆ ಹೋಗುತ್ತದೆ

ತಿಂದದ್ದರಲ್ಲಿ ಒಂದಿಷ್ಟು ಜೀರ್ಣವಾಗದೆ ಹಿಕ್ಕೆಯಲ್ಲಿ ಹೋಗುತ್ತದೆ. ಉಳಿದದ್ದು ರಕ್ತ ಸೇರುತ್ತದೆ. ರಕ್ತ ಸೇರಿದ್ದೆಲ್ಲ ಮಾಂಸವಾಗುವುದಿಲ್ಲ. ಮೊದಲು ಬದುಕಿರುವ ಖರ್ಚು ಕಳೆಯಬೇಕು. ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಒಂದೊಂದು ಜೀವಕೋಶವೂ ಒಳಗೆ ನುಗ್ಗುವ ಸೋಡಿಯಂ ಅನ್ನು ಹಗಲೂ ರಾತ್ರಿ ಹೊರಗೆ ತಳ್ಳುತ್ತಲೇ ಇರಬೇಕು. ಸುಮ್ನೆ ಕೂತ ಪ್ರಾಣಿಯ ಖರ್ಚಿನಲ್ಲಿ ಈ ತಳ್ಳುವ ಕೆಲಸವೇ ಸುಮಾರು ಐದನೇ ಒಂದು ಪಾಲು ನುಂಗುತ್ತದೆ. ಇದೆಲ್ಲ ಕಳೆದು ಉಳಿದದ್ದರಲ್ಲಿ ಮೈ ಬೆಳೆಯಬೇಕು.

ಬೆಳೆಯುವುದಕ್ಕೂ ಖರ್ಚಿದೆ. ಇಲ್ಲಿ ಒಂದು ಹೆಸರು ಗೊತ್ತಿರಬೇಕು: ಎಟಿಪಿ, ಅಂದರೆ ಅಡೆನೊಸಿನ್ ಟ್ರೈಫಾಸ್ಫೇಟ್. ಜೀವಕೋಶಕ್ಕೆ ಮೆಕ್ಕೆಜೋಳದ ಸಕ್ಕರೆಯನ್ನಾಗಲಿ, ಎಣ್ಣೆಯನ್ನಾಗಲಿ ನೇರವಾಗಿ ಬಳಸಿ ಸ್ನಾಯು ಕಟ್ಟಲು ಆಗುವುದಿಲ್ಲ. ಅವನ್ನು ಸುಟ್ಟು ಬಂದ ಶಕ್ತಿಯನ್ನು ಎಟಿಪಿ ಅನ್ನುವ ಈ ಪುಟ್ಟ ಅಣುವಿನಲ್ಲಿ ಹಿಡಿದಿಡಬೇಕು. ಆ ಅಣು ಒಡೆದಾಗ ಸಿಗುವ ಶಕ್ತಿಯಿಂದ ಕೋಶದ ಬಹುಪಾಲು ಕೆಲಸ ನಡೆಯುತ್ತದೆ. ಇದನ್ನು ಕೂಡಿಟ್ಟುಕೊಳ್ಳಲು ಆಗುವುದಿಲ್ಲ. ತಯಾರಿಸಬೇಕು, ಆಗಲೇ ಖರ್ಚು ಮಾಡಬೇಕು, ಮತ್ತೆ ತಯಾರಿಸಬೇಕು. ಒಬ್ಬ ಮನುಷ್ಯನ ಮೈಯಲ್ಲಿ ದಿನವಿಡೀ ತಯಾರಾಗುವ ಎಟಿಪಿಯನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ ಅವನ ಮೈತೂಕದಷ್ಟೇ ಆಗುತ್ತದೆ.

ಸ್ನಾಯುವಿನ ಮುಖ್ಯ ಪ್ರೋಟೀನುಗಳಲ್ಲಿ ಒಂದಾದ ಆಕ್ಟಿನ್ ಅನ್ನೇ ನೋಡಿ. 375 ಅಮೈನೊ ಆಮ್ಲಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಆಕ್ಟಿನ್ ಅಣು. ಒಂದೊಂದು ಜೋಡಣೆಗೆ ನಾಲ್ಕು ಎಟಿಪಿಗೆ ಸಮನಾದ ಖರ್ಚು. ಒಟ್ಟು ಸುಮಾರು 1,500. ಒಂದು ಗ್ಲೂಕೋಸ್ ಅಣುವನ್ನು ಚೆನ್ನಾಗಿ ಸುಟ್ಟರೆ ಸಿಗುವುದು ಸುಮಾರು 30 ಎಟಿಪಿ. ಅಂದರೆ ಒಂದು ಆಕ್ಟಿನ್‌ಗೆ 50 ಗ್ಲೂಕೋಸ್. ಉದಾಹರಣೆಗೆ, ಅದೇ ಗ್ಲೂಕೋಸಿನಿಂದ 30ರ ಬದಲು 25 ಎಟಿಪಿ ಮಾತ್ರ ಬರುವ ಕೋಶವಿದೆ ಅಂತಿಟ್ಟುಕೊಳ್ಳಿ. ಆಗ ಅದೇ ಆಕ್ಟಿನ್‌ಗೆ 60 ಗ್ಲೂಕೋಸ್ ಬೇಕು. ಕಟ್ಟಿದ ಮಾಂಸ ಅಷ್ಟೇ, ಖಾಲಿಯಾದ ಫೀಡ್ ಜಾಸ್ತಿ. ಜೀವಕೋಶದ ದಕ್ಷತೆ ಅಂತ ಇಲ್ಲಿ ಹೇಳುತ್ತಿರುವುದು ಇದನ್ನೇ: ಸುಟ್ಟ ಆಹಾರಕ್ಕೆ ಎಷ್ಟು ಎಟಿಪಿ ದಕ್ಕಿತು?

ಮೈಟೊಕಾಂಡ್ರಿಯ ಮತ್ತು ಲಿಂಗನಮಕ್ಕಿ

ಎಟಿಪಿಯ ಬಹುಪಾಲು ತಯಾರಾಗುವುದು ಮೈಟೊಕಾಂಡ್ರಿಯದಲ್ಲಿ. ಜೀವಕೋಶದೊಳಗೆ ನೂರಾರು, ಕೆಲವು ಕಡೆ ಸಾವಿರಾರು ಇರುವ ಪುಟ್ಟ ಚೀಲಗಳು ಇವು. ಒಂದೊಂದಕ್ಕೂ ಎರಡು ಪೊರೆ. ಒಳಗಿನ ಪೊರೆ ಮಡಿಕೆ ಮಡಿಕೆಯಾಗಿರುತ್ತದೆ. ನಮ್ಮ ಕಥೆಯೆಲ್ಲ ಆ ಒಳಪೊರೆಯಲ್ಲೇ ನಡೆಯುವುದು.

ಇದನ್ನು ಶರಾವತಿಗೆ ಹೋಲಿಸಿದರೆ ಚೆನ್ನಾಗಿ ತಿಳಿಯುತ್ತದೆ. ಲಿಂಗನಮಕ್ಕಿಯಲ್ಲಿ ನೀರನ್ನು ಎತ್ತರದಲ್ಲಿ ತಡೆದು ನಿಲ್ಲಿಸಿದ್ದಾರೆ. ಕೆಳಗೆ ಧುಮುಕುವ ದಾರಿಯಲ್ಲಿ ಟರ್ಬೈನ್ ಇಟ್ಟಿದ್ದಾರೆ. ನೀರು ಟರ್ಬೈನ್ ತಿರುಗಿಸಿಕೊಂಡು ಇಳಿದರೆ ಕರೆಂಟು. ಮೈಟೊಕಾಂಡ್ರಿಯದಲ್ಲಿ ನೀರಿನ ಜಾಗದಲ್ಲಿ ಪ್ರೋಟಾನುಗಳಿವೆ, ಅಂದರೆ ಹೈಡ್ರೋಜನ್ನಿನ ಧನ ಅಯಾನುಗಳು. ಆಹಾರದಿಂದ ಕಿತ್ತ ಎಲೆಕ್ಟ್ರಾನುಗಳು ಒಳಪೊರೆಯಲ್ಲಿರುವ ಪ್ರೋಟೀನುಗಳ ಸರಪಳಿಯಲ್ಲಿ ಒಂದರಿಂದ ಒಂದಕ್ಕೆ ದಾಟುತ್ತಾ ಹೋಗುತ್ತವೆ. ಕೊನೆಯಲ್ಲಿ ಆಕ್ಸಿಜನ್ ಅವನ್ನು ಹಿಡಿದುಕೊಂಡು ನೀರಾಗುತ್ತದೆ. ನಾವೂ ಕೋಳಿಯೂ ಉಸಿರಾಡುವುದು ಬಹುಪಾಲು ಈ ಕೊನೆಯ ಹೆಜ್ಜೆಗಾಗಿ. ದಾರಿಯುದ್ದಕ್ಕೂ ಆ ಪ್ರೋಟೀನುಗಳು ಪ್ರೋಟಾನುಗಳನ್ನು ಪೊರೆಯ ಆಚೆಗೆ ಪಂಪ್ ಮಾಡುತ್ತವೆ. ಆಚೆ ಪ್ರೋಟಾನು ತುಂಬಿ ಒತ್ತಡ ಏರುತ್ತದೆ. ಈಚೆಗೆ ವಾಪಸ್ ಬರಲು ಇಟ್ಟಿರುವ ಮುಖ್ಯ ದಾರಿಯಲ್ಲಿ ಎಟಿಪಿ ಸಿಂಥೇಸ್ ಅನ್ನುವ ಯಂತ್ರವಿದೆ. ಅದು ಅಕ್ಷರಶಃ ತಿರುಗುತ್ತದೆ, ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು. ಒಂದು ಸುತ್ತಿಗೆ ಮೂರು ಎಟಿಪಿ.

ಪೊರೆಯ ಆಚೆ ಈಚೆ ಪ್ರೋಟಾನುಗಳ ಈ ಏರುಪೇರಿನಿಂದಲೇ ಎಟಿಪಿ ತಯಾರಾಗುತ್ತದೆ ಅಂತ ಬ್ರಿಟನ್ನಿನ ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ಅವರಿಗೆ ನೊಬೆಲ್ ಬಂತು. ಸಿಂಥೇಸ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಅವರಿಗೆ 1997ರಲ್ಲಿ ನೊಬೆಲ್ ಸಿಕ್ಕಿತು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಈ ಯಂತ್ರಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು. ಇಷ್ಟು ಚಿಕ್ಕ ಚಕ್ರ ನಮ್ಮೊಳಗೆ ಪ್ರತಿಕ್ಷಣ ತಿರುಗುತ್ತಿದೆ ಅನ್ನುವುದು ನನಗೆ ಎಷ್ಟು ಸಲ ಓದಿದರೂ ಬೆರಗು.

ಸೋರಿಕೆ

ಅಣೆಕಟ್ಟಿನ ಗೋಡೆಯಲ್ಲಿ ಜಿನುಗಿ ಇಳಿದ ನೀರೂ ಕೆಳಗೇ ಹೋಗುತ್ತದೆ, ಆದರೆ ಒಂದು ಯೂನಿಟ್ ಕರೆಂಟೂ ಕೊಡುವುದಿಲ್ಲ. ಒಳಪೊರೆಯಲ್ಲೂ ಹೀಗೇ. ಕೆಲವು ಪ್ರೋಟಾನುಗಳು ಸಿಂಥೇಸ್‌ಗೆ ಸಿಗದೆ ಪೊರೆಯ ಮೂಲಕವೇ ನುಸುಳಿ ಬರುತ್ತವೆ. ಆಹಾರ ಸುಟ್ಟದ್ದು ನಿಜ, ಆಕ್ಸಿಜನ್ ಖರ್ಚಾದದ್ದು ನಿಜ, ಎಟಿಪಿ ಮಾತ್ರ ಬರಲಿಲ್ಲ. ಶಕ್ತಿಯೆಲ್ಲ ಶಾಖವಾಗಿ ಹೋಯಿತು. ಇದನ್ನು ಪ್ರೋಟಾನ್ ಸೋರಿಕೆ ಅನ್ನುತ್ತಾರೆ. ಇದು ಸಣ್ಣ ಪುಟ್ಟದಲ್ಲ. ಇಲಿಗಳಲ್ಲಿ ಅಳೆದಾಗ, ವಿಶ್ರಾಂತಿಯಲ್ಲಿರುವ ಪ್ರಾಣಿಯ ಒಟ್ಟು ಶಕ್ತಿ ಖರ್ಚಿನಲ್ಲಿ ಸುಮಾರು ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಹೀಗೆ ಸೋರುತ್ತಿತ್ತು.

ಸೋರಿಕೆ ಹದ್ದು ಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ ಮನುಷ್ಯರದೇ ಉದಾಹರಣೆ ಇದೆ. ಡೈನೈಟ್ರೋಫೀನಾಲ್, ಚಿಕ್ಕದಾಗಿ ಡಿಎನ್‌ಪಿ ಅನ್ನುವ ರಾಸಾಯನಿಕ ಪ್ರೋಟಾನುಗಳನ್ನು ಪೊರೆ ದಾಟಿಸಿಬಿಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಇದನ್ನು ಬಳಸುತ್ತಿದ್ದ ಕೆಲಸಗಾರರು ಬೆವರಿ, ತೂಕ ಇಳಿದು, ಜ್ವರ ಏರಿ ಒದ್ದಾಡಿದರು. ಕೆಲವರು ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ಇದನ್ನೇ ತೂಕ ಇಳಿಸುವ ಔಷಧಿಯಾಗಿ ಪ್ರಯೋಗಿಸಿದರು. ತೂಕವೇನೋ ಇಳಿಯಿತು, ಜನ ಮುಗಿಬಿದ್ದು ಕೊಂಡರು. ಆದರೆ ಪ್ರಮಾಣ ಸ್ವಲ್ಪ ಜಾಸ್ತಿಯಾದರೂ ಮೈ ಒಳಗಿಂದಲೇ ಕಾದು ಜೀವ ಹೋಗುತ್ತಿತ್ತು. 1938ರಲ್ಲಿ ಅಲ್ಲಿ ಅದನ್ನು ಮನುಷ್ಯರ ಬಳಕೆಗೆ ಯೋಗ್ಯವಲ್ಲ ಅಂತ ಸಾರಿದರು. ಇವತ್ತಿಗೂ ಆನ್‌ಲೈನ್‌ನಲ್ಲಿ ಕದ್ದುಮುಚ್ಚಿ ತರಿಸಿ ಸಾಯುವವರಿದ್ದಾರೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ತಿಂದದ್ದು ಎಟಿಪಿಯಾಗದೆ ಬರೀ ಶಾಖವಾದರೆ ಮೈ ಬೆಳೆಯುವುದಿರಲಿ, ಇದ್ದದ್ದೂ ಕರಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಇನ್ನೊಂದು ಬಗೆಯ ಸೋರಿಕೆಯೂ ಇದೆ. ಸರಪಳಿಯಲ್ಲಿ ಸಾಗುವ ಎಲೆಕ್ಟ್ರಾನುಗಳಲ್ಲಿ ಒಂದೆರಡು ಕೊನೆ ಮುಟ್ಟುವ ಮೊದಲೇ ಜಾರಿ, ದಾರಿಯಲ್ಲೇ ಆಕ್ಸಿಜನ್ನಿಗೆ ಅಂಟಿಕೊಳ್ಳುತ್ತವೆ. ಆಗ ನೀರಿನ ಬದಲು ಸೂಪರ್‌ಆಕ್ಸೈಡ್, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಇವು ಸುತ್ತಲಿನ ಪ್ರೋಟೀನು, ಕೊಬ್ಬು, ಡಿಎನ್‌ಎಗಳನ್ನು ಕೆಡಿಸುತ್ತವೆ. ಕೆಟ್ಟದ್ದನ್ನು ಕಿತ್ತು ಹೊಸದು ಕಟ್ಟಲು ಮತ್ತೆ ಎಟಿಪಿ ಬೇಕು. ಹೀಗಾಗಿ ಎಲೆಕ್ಟ್ರಾನ್ ಸೋರಿಕೆಯಿಂದ ಎರಡು ಕಡೆ ನಷ್ಟ.

ಕೋಳಿಗಳಲ್ಲಿ ಅಳೆದು ನೋಡಿದಾಗ

ಅಮೆರಿಕದ ಆರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಬಾಟ್ಜೆ ಅವರ ತಂಡ ಇದನ್ನು ಬ್ರಾಯ್ಲರ್‌ಗಳಲ್ಲೇ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದೇ ತಳಿಯ ಹುಂಜಗಳು, ಒಂದೇ ಫೀಡ್. ಒಂದೊಂದೂ ಎಷ್ಟು ತಿಂದಿತು, ಎಷ್ಟು ಬೆಳೆಯಿತು ಅಂತ ಬೇರೆ ಬೇರೆಯಾಗಿ ಬರೆದಿಟ್ಟರು. ಫೀಡನ್ನು ಚೆನ್ನಾಗಿ ಮೈಗೂಡಿಸಿಕೊಂಡವು ಒಂದು ಗುಂಪು, ಸರಿಯಾಗಿ ಮೈಗೂಡದವು ಇನ್ನೊಂದು ಗುಂಪು. ತಿಂದದ್ದರಲ್ಲಿ ಎರಡು ಗುಂಪಿಗೂ ದೊಡ್ಡ ವ್ಯತ್ಯಾಸವಿರಲಿಲ್ಲ, ಬೆಳೆದದ್ದರಲ್ಲಿ ಇತ್ತು.

ಮೈಟೊಕಾಂಡ್ರಿಯವನ್ನು ಪರೀಕ್ಷಿಸುವ ಕೆಲಸ ನೋಡಲು ಸರಳ. ಎದೆ ಅಥವಾ ಕಾಲಿನ ಸ್ನಾಯುವಿನ ತುಂಡನ್ನು ಮಂಜುಗಡ್ಡೆಯ ತಂಪಿನಲ್ಲೇ ಸಣ್ಣಗೆ ಕೊಚ್ಚಿ, ಅರೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೈಟೊಕಾಂಡ್ರಿಯಗಳನ್ನು ಬೇರೆ ಮಾಡುತ್ತಾರೆ. ಅವನ್ನು ಬೆರಳುದ್ದದ ಮುಚ್ಚಿದ ಕೊಳವೆಗೆ ಹಾಕಿ, ಒಳಗಿನ ಆಕ್ಸಿಜನ್ ಎಷ್ಟು ಬೇಗ ಇಳಿಯುತ್ತದೆ ಅಂತ ಎಲೆಕ್ಟ್ರೋಡಿನಿಂದ ನೋಡುತ್ತಾರೆ. ಎಟಿಪಿಯ ಕಚ್ಚಾ ವಸ್ತುವಾದ ಎಡಿಪಿಯನ್ನು ಒಂದು ಹನಿ ಬಿಟ್ಟ ಕೂಡಲೇ ಆಕ್ಸಿಜನ್ ಸರಸರ ಇಳಿಯುತ್ತದೆ. ಎಡಿಪಿ ಮುಗಿದ ಮೇಲೆ ಇಳಿತ ನಿಧಾನವಾಗುತ್ತದೆ. ತಯಾರಿಸಲು ಏನೂ ಇಲ್ಲದಿದ್ದಾಗಲೂ ಆಕ್ಸಿಜನ್ ಇಳಿಯುತ್ತಲೇ ಇದ್ದರೆ, ಅದರಲ್ಲಿ ಬಹುಪಾಲು ಸೋರಿಕೆಯ ಲೆಕ್ಕ. ಆ ಎರಡು ವೇಗಗಳ ಅಂತರ ದೊಡ್ಡದಿದ್ದಷ್ಟೂ ಮೈಟೊಕಾಂಡ್ರಿಯ ಬಿಗಿಯಾಗಿದೆ ಅಂತ ಅರ್ಥ.

ಚೆನ್ನಾಗಿ ಮೈಗೂಡದ ಕೋಳಿಗಳ ಸ್ನಾಯುವಿನ ಮೈಟೊಕಾಂಡ್ರಿಯದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಜಾಸ್ತಿ ಹುಟ್ಟುತ್ತಿತ್ತು, ಅಂದರೆ ಎಲೆಕ್ಟ್ರಾನ್ ಸೋರಿಕೆ ಜಾಸ್ತಿಯಿತ್ತು. ಮುಂದಿನ ಅಧ್ಯಯನಗಳಲ್ಲಿ ಸರಪಳಿಯ ಪ್ರೋಟೀನುಗಳು ಅಷ್ಟು ಚುರುಕಾಗಿಲ್ಲದ್ದೂ, ಕೆಟ್ಟುಹೋದ ಪ್ರೋಟೀನು ಹೆಚ್ಚಿರುವುದೂ ಕಂಡಿತು.

ಕೋಳಿ ಮಾತ್ರವಲ್ಲ. ಒಂದೇ ಅಳತೆಯ ಆಹಾರ ಕೊಟ್ಟು ಸಾಕಿದ ಬ್ರೌನ್ ಟ್ರೌಟ್ ಮೀನುಗಳ ಬೆಳವಣಿಗೆಯಲ್ಲಿ ಕಂಡ ವ್ಯತ್ಯಾಸಕ್ಕೂ ಮೈಟೊಕಾಂಡ್ರಿಯದ ದಕ್ಷತೆಗೂ ನಂಟಿದೆ ಅಂತ 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೂ ಒಂದು ಎಚ್ಚರ ಬೇಕು. ದನ, ಹಂದಿ, ಕುರಿ, ಕೋಳಿಗಳ ಮೇಲೆ ನಡೆದ ಪ್ರಯೋಗಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲ. ಸೋರುವ ಮೈಟೊಕಾಂಡ್ರಿಯದಿಂದ ಬೆಳವಣಿಗೆ ಕುಂಠಿತವಾಯಿತೋ, ಬೇರೆ ಯಾವುದೋ ತೊಂದರೆಯಿಂದ ಎರಡೂ ಆದವೋ ಅನ್ನುವುದನ್ನು ಬಿಡಿಸುವುದು ಕಷ್ಟ.

ಸೋರಿಕೆ ಪೂರ್ತಿ ನಿಲ್ಲಿಸಿದರೆ?

ಹಾಗಾದರೆ ಒಂದು ಹನಿಯೂ ಸೋರದ ಮೈಟೊಕಾಂಡ್ರಿಯ ಇರುವ ಕೋಳಿ ತಯಾರಿಸಿದರೆ ಮುಗಿಯಿತಲ್ಲ ಅನ್ನಿಸಬಹುದು. ಅದು ಅಷ್ಟು ಸರಳವಲ್ಲ. ಜಲಾಶಯ ಭರ್ತಿಯಾದಾಗ ಗೇಟು ಎತ್ತಿ ನೀರು ಬಿಡುವುದು ಯಾಕೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಕರೆಂಟು ಬರದಿದ್ದರೂ ಪರವಾಗಿಲ್ಲ, ಕಟ್ಟೆ ಉಳಿಯಬೇಕು. ಪ್ರೋಟಾನುಗಳ ಒತ್ತಡ ವಿಪರೀತ ಏರಿದರೆ ಎಲೆಕ್ಟ್ರಾನುಗಳು ಸರಪಳಿಯಲ್ಲಿ ಮುಂದೆ ಸಾಗಲಾಗದೆ ಸಿಕ್ಕಿಕೊಂಡು, ಜಾರುವುದು ಜಾಸ್ತಿಯಾಗುತ್ತದೆ. ಸ್ವಲ್ಪ ಪ್ರೋಟಾನ್ ಸೋರಿದರೆ ಒತ್ತಡ ಇಳಿದು, ಆ ಹಾನಿ ಕಡಿಮೆಯಾಗುತ್ತದೆ. 2004ರಲ್ಲಿ ಪ್ರಕಟವಾದ ಇಲಿಗಳ ಒಂದು ಅಧ್ಯಯನದಲ್ಲಿ, ಹೆಚ್ಚು ಶಕ್ತಿ ಸುಡುತ್ತಿದ್ದ ಇಲಿಗಳ ಮೈಟೊಕಾಂಡ್ರಿಯದಲ್ಲಿ ಸೋರಿಕೆ ಹೆಚ್ಚಿತ್ತು. ಅವೇ ಹೆಚ್ಚು ದಿನ ಬದುಕಿದವು.

ಇನ್ನೊಂದು ಉಪಯೋಗ ಶಾಖ. ನವಜಾತ ಶಿಶುಗಳಲ್ಲಿ, ಇಲಿಗಳಲ್ಲಿ ಕಂದು ಕೊಬ್ಬು ಅನ್ನುವ ವಿಶೇಷ ಕೊಬ್ಬಿದೆ. ಅದರ ಮೈಟೊಕಾಂಡ್ರಿಯ ಬೇಕಂತಲೇ ಸೋರುತ್ತದೆ, ಮೈ ಬೆಚ್ಚಗಿಡಲು. ಹಕ್ಕಿಗಳಿಗೆ ಈ ಕಂದು ಕೊಬ್ಬು ಇಲ್ಲ. ಹಂದಿಗಳಲ್ಲಿ ಇದಕ್ಕೆ ಬೇಕಾದ ಜೀನ್ ಸುಮಾರು ಎರಡು ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಹಂದಿಮರಿ ಹುಟ್ಟಿದ ಕೂಡಲೇ ಗಡಗಡ ನಡುಗುವುದಕ್ಕೂ, ಅವಕ್ಕೆ ಬಲ್ಬು ಹಾಕಿ ಕಾವು ಕೊಡುವುದಕ್ಕೂ ಇದೂ ಒಂದು ಕಾರಣ.

ಇಂಜೆಕ್ಷನ್ ಅನುಮಾನ

40 ಗ್ರಾಮಿನ ಮರಿ ಆರು ವಾರದೊಳಗೆ ಐವತ್ತು ಪಟ್ಟು ಬೆಳೆಯುವುದನ್ನು ನೋಡಿದಾಗ ಅನುಮಾನ ಬರುವುದು ಸಹಜ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದಾರೆ. 1957ರ ಮತ್ತು 1978ರ ತಳಿಗಳನ್ನು ಅವರು ಬದಲಾವಣೆ ಮಾಡದೆ ಹಾಗೇ ಉಳಿಸಿಕೊಂಡಿದ್ದರು. ಅವೆರಡನ್ನೂ 2005ರ ಬ್ರಾಯ್ಲರ್ ತಳಿಯನ್ನೂ ಒಟ್ಟಿಗೆ, ಒಂದೇ ಫೀಡ್ ಹಾಕಿ ಸಾಕಿದರು. 56ನೇ ದಿನದ ಸರಾಸರಿ ತೂಕ ಕ್ರಮವಾಗಿ 905 ಗ್ರಾಂ, 1,808 ಗ್ರಾಂ, 4,202 ಗ್ರಾಂ. ಹಾರ್ಮೋನಿನ ಮಾತೇ ಇಲ್ಲ, ಬದಲಾದದ್ದು ತಳಿ ಮಾತ್ರ. ಅಲ್ಲದೆ ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು, ಫೀಡಿನಲ್ಲಿ ಕೊಟ್ಟರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗೆ ಮತ್ತೆ ಮತ್ತೆ ಸೂಜಿ ಚುಚ್ಚುತ್ತಾ ಕೂತರೆ ಯಾವ ಶೆಡ್ಡಿಗೂ ಗಿಟ್ಟುವುದಿಲ್ಲ.

ಆ ಐವತ್ತು ವರ್ಷದ ಬದಲಾವಣೆಯೆಲ್ಲ ಮೈಟೊಕಾಂಡ್ರಿಯದ್ದೇ ಅಂತಲೂ ತಿಳಿಯಬಾರದು. ಈಗಿನ ತಳಿಗೆ ಹಸಿವೆ ಜಾಸ್ತಿ. ಬೇಗ ಬೆಳೆಯುವುದರಿಂದ ಬದುಕಿರುವ ಖರ್ಚನ್ನು ಕಡಿಮೆ ದಿನ ಕಟ್ಟಿದರೆ ಸಾಕು. ಎಫ್‌ಸಿಆರ್ ಸುಧಾರಿಸಿದ್ದು ಹೆಚ್ಚಾಗಿ ಇದರಿಂದ. ಇದಕ್ಕೆ ಬೆಲೆಯನ್ನೂ ತೆರಬೇಕಾಗಿದೆ. ಸ್ನಾಯು ಓಡಿದ ವೇಗಕ್ಕೆ ಹೃದಯ, ಶ್ವಾಸಕೋಶ ಓಡುವುದಿಲ್ಲ. ಆಕ್ಸಿಜನ್ ಸಾಲದೆ ಕೆಲವು ಕೋಳಿಗಳಿಗೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಎದೆಮಾಂಸ ಮರದಂತೆ ಗಟ್ಟಿಯಾಗುವುದೂ ವೇಗದ ತಳಿಗಳಲ್ಲೇ ಜಾಸ್ತಿ.

ಶೆಡ್ಡಿನಲ್ಲಿ ಇದರ ಅರ್ಥ

ಮೈಟೊಕಾಂಡ್ರಿಯ ಕಣ್ಣಿಗೆ ಕಾಣದಿದ್ದರೂ ಶೆಡ್ಡಿನಲ್ಲಿ ಮಾಡುವ ಎಷ್ಟೋ ಕೆಲಸ ಅದನ್ನು ಮುಟ್ಟುತ್ತದೆ. ಮೊದಲ ವಾರದ ಬ್ರೂಡಿಂಗ್, ಅಂದರೆ ಮರಿಗಳಿಗೆ ಕಾವು ಕೊಡುವುದನ್ನು ನೋಡಿ. ಮರಿಗೆ ಕಂದು ಕೊಬ್ಬಿಲ್ಲ, ಗರಿಯೂ ಬಂದಿಲ್ಲ. 32–34 ಡಿಗ್ರಿ ಕಾವು ಸಿಗದಿದ್ದರೆ ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗೂಡುತ್ತವೆ. ತಿಂದದ್ದೆಲ್ಲ ಮೈ ಬೆಚ್ಚಗಿಡಲು ಉರಿದುಹೋಗುತ್ತದೆ. ಕಾವು ಜಾಸ್ತಿಯಾದರೆ ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ಏದುಸಿರು ಬಿಡುತ್ತವೆ. ಹದ ಸರಿಯಿದ್ದರೆ ಶೆಡ್ಡಿನ ತುಂಬ ಸಮನಾಗಿ ಹರಡಿಕೊಂಡು ಮೇಯುತ್ತವೆ.

ಬೇಸಿಗೆಯ ಕಥೆ ಇನ್ನೂ ಗಂಭೀರ. ಕೋಳಿಗೆ ಬೆವರಿನ ಗ್ರಂಥಿಯಿಲ್ಲ. ರಾಯಚೂರು, ಬಳ್ಳಾರಿ ಕಡೆಯ ಏಪ್ರಿಲ್ ಬಿಸಿಲಲ್ಲಿ ಅದು ತಿನ್ನುವುದನ್ನೇ ಕಡಿಮೆ ಮಾಡುತ್ತದೆ, ತೂಕ ನಿಲ್ಲಲು ಮೊದಲ ಕಾರಣ ಅದು. ಅದರ ಜೊತೆಗೆ, ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದಂತೆ, ಬಿಸಿಯ ಹೊಡೆತಕ್ಕೆ ಸಿಕ್ಕ ಬ್ರಾಯ್ಲರ್‌ಗಳ ಸ್ನಾಯುವಿನ ಮೈಟೊಕಾಂಡ್ರಿಯದಲ್ಲಿ ಸೂಪರ್‌ಆಕ್ಸೈಡ್ ಉತ್ಪತ್ತಿ ಏರುತ್ತದೆ. ಪ್ರೋಟಾನುಗಳ ಒತ್ತಡ ಇಳಿಸುವ ಒಂದು ಪ್ರೋಟೀನು ಅದೇ ಹೊತ್ತಿನಲ್ಲಿ ಕಡಿಮೆಯಾಗುತ್ತದೆ. ಗೇಟು ಎತ್ತಬೇಕಾದಾಗಲೇ ಮುಚ್ಚಿಕೊಂಡ ಹಾಗೆ. ಬೇಸಿಗೆಯಲ್ಲಿ ಫೀಡಿಗೆ ವಿಟಮಿನ್ ಇ, ಸೆಲೀನಿಯಂ ಸೇರಿಸಲು ಹೇಳುವುದರ ಹಿಂದೆ ಈ ಹಾನಿಯನ್ನು ತಡೆಯುವ ಲೆಕ್ಕವಿದೆ. ಆದರೆ ಫ್ಯಾನು, ನೆರಳು, ತಣ್ಣನೆ ನೀರು, ಬೆಳಗಿನ ಜಾವ ಮತ್ತು ಸಂಜೆ ಮೇಲೆ ಫೀಡ್ ಹಾಕುವುದು, ಇವಕ್ಕೆ ಯಾವ ಪುಡಿಯೂ ಬದಲಿಯಲ್ಲ.

ಪ್ರಿಮಿಕ್ಸ್, ಅಂದರೆ ಫೀಡಿಗೆ ಬೆರೆಸುವ ವಿಟಮಿನ್, ಖನಿಜಗಳ ಮಿಶ್ರಣದ ವಿಷಯದಲ್ಲಿ ಕೈ ಬಿಗಿ ಮಾಡಬಾರದು ಅನ್ನುವುದಕ್ಕೂ ಕಾರಣ ಇಲ್ಲೇ ಇದೆ. ಸರಪಳಿಯ ಪ್ರೋಟೀನುಗಳಿಗೆ ಕಬ್ಬಿಣ, ತಾಮ್ರ ಬೇಕು. ಎಲೆಕ್ಟ್ರಾನು ಹೊತ್ತು ತರುವ ಅಣುಗಳು ತಯಾರಾಗುವುದು ನಯಾಸಿನ್ ಮತ್ತು ರೈಬೊಫ್ಲೇವಿನ್‌ನಿಂದ, ಅಂದರೆ ಬಿ3 ಮತ್ತು ಬಿ2 ವಿಟಮಿನ್‌ಗಳಿಂದ. ರೈಬೊಫ್ಲೇವಿನ್ ಕೊರತೆಯಾದ ಮರಿಗಳ ಕಾಲ್ಬೆರಳು ಒಳಕ್ಕೆ ಮಡಚಿಕೊಂಡು ಅವು ಮಂಡಿಯೂರಿ ನಡೆಯುವುದನ್ನು ಹಳೆಯ ಸಾಕಣೆದಾರರು ನೋಡಿರುತ್ತಾರೆ.

ತಳಿ ಆಯ್ಕೆ ಮಾಡುವವರ ಕಷ್ಟ ಬೇರೆ. ಯಾವ ಕೋಳಿಯ ಮೈಟೊಕಾಂಡ್ರಿಯ ಬಿಗಿಯಾಗಿದೆ ಅಂತ ನೋಡಲು ಸ್ನಾಯು ಕೊಯ್ಯಬೇಕು. ಅಷ್ಟರಲ್ಲಿ ಕೋಳಿಯೇ ಹೋಗಿರುತ್ತದೆ, ಅದರಿಂದ ಮರಿ ಪಡೆಯುವ ಮಾತಿಲ್ಲ. ಮೈಟೊಕಾಂಡ್ರಿಯಕ್ಕೆ ಅದರದೇ ಪುಟ್ಟ ಡಿಎನ್‌ಎ ಇದ್ದು ಅದು ತಾಯಿಯಿಂದ ಬರುತ್ತದೆ, ಆದರೆ ಬೇಕಾದ ಪ್ರೋಟೀನುಗಳಲ್ಲಿ ಅದು ಕೊಡುವುದು 13 ಮಾತ್ರ. ಉಳಿದ ನೂರಾರು ಪ್ರೋಟೀನುಗಳ ಜೀನ್‌ಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಒಳ್ಳೆಯ ಹೇಂಟೆಯನ್ನು ಆರಿಸಿದರಷ್ಟೇ ಸಾಲದು. ಇದಕ್ಕೊಂದು ದಾರಿ ಹಕ್ಕಿಗಳ ರಕ್ತದಲ್ಲೇ ಸಿಗಬಹುದು. ನಮ್ಮ ಕೆಂಪು ರಕ್ತಕಣಗಳಲ್ಲಿ ಮೈಟೊಕಾಂಡ್ರಿಯ ಇರುವುದಿಲ್ಲ, ಹಕ್ಕಿಗಳ ರಕ್ತಕಣಗಳಲ್ಲಿ ಇರುತ್ತದೆ, ಕೆಲಸವನ್ನೂ ಮಾಡುತ್ತದೆ ಅಂತ 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ರೆಕ್ಕೆಯ ರಕ್ತನಾಳದಿಂದ ಒಂದಿಷ್ಟು ರಕ್ತ ತೆಗೆದು ಅದೇ ಆಕ್ಸಿಜನ್ ಪರೀಕ್ಷೆ ಮಾಡಬಹುದು, ಕೋಳಿ ಬದುಕಿರುತ್ತದೆ. ಆದರೆ ರಕ್ತದ ಮೈಟೊಕಾಂಡ್ರಿಯ ಬಿಗಿಯಾಗಿದ್ದ ಕೋಳಿಯ ಎದೆಸ್ನಾಯುವಿನಲ್ಲೂ ಅದು ಅಷ್ಟೇ ಬಿಗಿಯಾಗಿರುತ್ತದೆಯೇ ಅಂತ ಬ್ರಾಯ್ಲರ್ ತಳಿಗಳಲ್ಲಿ ಮೊದಲು ಖಚಿತಪಡಿಸಿಕೊಳ್ಳಬೇಕು.